ಪುಟ ಹತ್ತೊಂಬತ್ತರ ನಾಯಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದರೂ, ಯಾರಾದರೂ ತಿರುಗಿ ನೋಡುವಂಥ ಮಾತು ಅವನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಪಕ್ಕದ ಮನೆಗೆ ಮಾತ್ರ ಯಾಕೆ ಬರುತ್ತದೆ ಎಂದು ತಿಳಿಯಬೇಕಾದವರು, ಎಲ್ಲರೂ ಅವನ ಕಿಟಕಿಗೆ ಬಂದು ಬೈಯುತ್ತಿದ್ದರು. ಅವನು ಬೈಗುಳವನ್ನು ಕೊನೆಯವರೆಗೂ ಕೇಳಿ, ಅರ್ಜಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತಿ, ಮುಂದಿನವರನ್ನು ಕರೆಯುತ್ತಿದ್ದ. ಒತ್ತಿ ಒತ್ತಿ ಬಲಗೈ ಬೆರಳುಗಳು ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಕಚೇರಿಯಲ್ಲಿ ಎಲ್ಲರೂ ಅವನನ್ನು ಮೊಹರಪ್ಪ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಇಂಥ ಮೊಹರಪ್ಪನ ನಾಲಿಗೆ ಜಾರಿದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿಯ ಮುಂದೆ.

ಕಚೇರಿಗೆ ಹೊಸದಾಗಿ ಬಂದಿದ್ದ ಮೇಲಧಿಕಾರಿ ಒಬ್ಬ ಹೆಂಗಸು. ಎಲ್ಲರಿಗೂ ಅವರು ‘ಮೇಡಂ’. ಮೇಡಂ ಮೇಜಿನ ಗಾಜಿನ ಕೆಳಗೆ ಗಂಡನ ಫೋಟೋ ಇರಲಿಲ್ಲ, ಮಕ್ಕಳ ಫೋಟೋ ಇರಲಿಲ್ಲ. ಅವರ ಅಲ್ಸೇಷಿಯನ್ ನಾಯಿಯದಿತ್ತು. ಆ ನಾಯಿಯ ಅಪ್ಪ, ಅಜ್ಜ, ಮುತ್ತಜ್ಜ ಯಾರು ಎಂಬುದಕ್ಕೆ ಸರ್ಟಿಫಿಕೇಟು ಇತ್ತಂತೆ. ಮೊಹರಪ್ಪನಿಗೆ ತನ್ನ ಮುತ್ತಜ್ಜನ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಮೇಡಂ ಊಟಕ್ಕೆ ಸಿಬ್ಬಂದಿಯ ಜೊತೆಯಲ್ಲೇ ಕೂರುವ ಪದ್ಧತಿ ತಂದಿದ್ದರಿಂದ, ಊಟದ ಮೇಜಿನ ಮಾತೆಲ್ಲ ತಾನಾಗಿ ನಾಯಿಯ ಕಡೆ ಹರಿಯತೊಡಗಿತ್ತು. ಜೀವಮಾನದಲ್ಲಿ ನಾಯಿಗೆ ಒಂದು ತುಂಡು ಬ್ರೆಡ್ಡು ಹಾಕದವರೂ ನಾಯಿಯ ಮೇಲೆ ಪ್ರೀತಿ ತೋರಿಸುತ್ತಿದ್ದರು. ಅಂದು ಸ್ಟೋರ್ ಕೀಪರ್ ತನ್ನ ಭಾವನ ಮನೆಯ ನಾಯಿಗೆ ಇಂಗ್ಲಿಷ್ ಅರ್ಥವಾಗುತ್ತದೆಂದು ಹೇಳಿ ಮುಗಿಸಿದ್ದ. ಮೇಡಂ ಹೌದಾ ಎಂದು ಹುಬ್ಬೇರಿಸಿ, ಆಮೇಲೆ ಏನೋ ನೆನಪಾದವರಂತೆ ಮೊಹರಪ್ಪನ ಕಡೆ ತಿರುಗಿ, ನಿಮ್ಮನೇಲಿ ನಾಯಿ ಇತ್ತಾ ಎಂದು ಕೇಳಿಬಿಟ್ಟರು.

ಇತ್ತು ಎಂದು ಹೇಳಿ ಸುಮ್ಮನಾಗಬಹುದಿತ್ತು. ನಿಜವಾಗಿಯೂ ಇತ್ತು. ಆದರೆ ಆರು ಜನ ತುತ್ತು ಕೈಯಲ್ಲಿ ಹಿಡಿದು ತನ್ನನ್ನೇ ನೋಡುತ್ತಿದ್ದಾರೆ ಎನ್ನುವುದು ಮೊಹರಪ್ಪನ ತಲೆಗೆ ಏರಿತು.

“ಚಿಕ್ಕವನಿದ್ದಾಗ ಒಂದಿತ್ತು ಮೇಡಂ. ಅಲ್ಸೇಷಿಯನ್ನೇ” ಅಂದ. “ಮೇಜರ್ ಅಂತ ಹೆಸರು.”

ಇಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಅವನ ತಂದೆ ದರ್ಜಿ. ಸಮವಸ್ತ್ರ ಹೊಲಿಯುವುದರಲ್ಲಿ ಹೆಸರಾಗಿದ್ದವರು. ಅದು ನಿಜ. ಸೇನೆಯ ಅಧಿಕಾರಿಯೊಬ್ಬರು ಹೊಲಿಗೆಗೆ ಮೆಚ್ಚಿ ಮರಿಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಇದು ಅಲ್ಲೇ, ಆ ಡಬ್ಬಿಯ ಮುಂದೆಯೇ ಹುಟ್ಟಿದ್ದು. ಮೇಜರನಿಗೆ ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಎರಡು ಮೈಲಿ ಓಟ. ಮೇಡಂ ತಿನ್ನುವುದನ್ನು ಬಿಟ್ಟು ಕೇಳುತ್ತಿದ್ದರು. ಸ್ಟೋರ್ ಕೀಪರ್ ಕೇಳುವುದನ್ನು ಬಿಟ್ಟು ತಿನ್ನುತ್ತಿದ್ದ.

ಆ ಮನೆಯಲ್ಲಿ ನಿಜಕ್ಕೂ ಇದ್ದ ನಾಯಿಯ ಹೆಸರು ಬೂದಿ. ಅದನ್ನು ಯಾರೂ ಯಾರಿಗೂ ಉಡುಗೊರೆ ಕೊಟ್ಟಿರಲಿಲ್ಲ. ಅಮ್ಮ ಒಂದು ದಿನ ಬ್ರೆಡ್ಡು ತರುವಾಗ ಹಿಂದೆಯೇ ಬಂದ ಮರಿ, ಬಾಗಿಲು ಹಾಕುವಷ್ಟರಲ್ಲಿ ಒಳಗೆ ಸೇರಿ, ನೀರು ಕಾಯಿಸುವ ಒಲೆಯ ಬೂದಿಯಲ್ಲಿ ಮಲಗಿಬಿಟ್ಟಿತ್ತು. ಎಬ್ಬಿಸಿ ಒದರಿದರೂ ಬಣ್ಣ ಬದಲಾಗಲಿಲ್ಲ, ಮೈಬಣ್ಣವೇ ಅದು. ಬಾಲದ ನಡುವೆ ಒಂದು ಗೇಣು ಕೂದಲಿರಲಿಲ್ಲ, ಯಾರೋ ಬಿಸಿನೀರು ಎರಚಿದ್ದರು. ಅದರ ಕಾವಲುಗಾರಿಕೆಯೂ ವಿಚಿತ್ರ. ಬಂದವರು ಒಳಗೆ ಬಂದು, ಕೂತು, ನೀರು ಕುಡಿದು ಮುಗಿಸಿದ ಮೇಲೆ ನೆನಪಾದಂತೆ ಎದ್ದು ಬೊಗಳುತ್ತಿತ್ತು. ಕುಕ್ಕರ್ ಕೂಗಿದರೆ ಅಪ್ಪನ ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗಿ ಪೆಡಲಿಗೆ ಅಡ್ಡ ಕೂರುತ್ತಿತ್ತು. ಅಪ್ಪ ಮಿಷನ್ ನಿಲ್ಲಿಸಿ, ಕುಕ್ಕರ್ ಸುಮ್ಮನಾಗುವವರೆಗೆ ಕಾಯುತ್ತಿದ್ದರು. ಒಟ್ಟು ಹನ್ನೊಂದು ವರ್ಷ ಅದು ಆ ಮನೆಯಲ್ಲಿ ಬದುಕಿತು. ಅಮ್ಮ ಮಗನ ಹೆಸರು ಕರೆಯಲು ಹೋಗಿ ಬಾಯಿ ತಪ್ಪಿ ಬೂದಿ ಎನ್ನುವುದೂ, ಇಬ್ಬರೂ ಓಡಿಬರುವುದೂ ಮಾಮೂಲಾಗಿತ್ತು.

ಮಾರನೆಯ ದಿನದಿಂದ ಕಚೇರಿಯಲ್ಲಿ ಮೊಹರಪ್ಪನ ಸ್ಥಾನವೇ ಬೇರೆಯಾಯಿತು. ಅವನ ಕುರ್ಚಿಗೆ ಕೈಗಳು ಬಂದವು. ಅಂದರೆ ಕೈಗಳಿದ್ದ ಕುರ್ಚಿ ಬಂತು. ಜವಾನ ಚಹಾವನ್ನು ಮೊದಲು ಅವನಿಗೆ ತಂದ. ಲೆಕ್ಕಪತ್ರ ವಿಭಾಗದವರು ತಮ್ಮ ಅತ್ತೆ ಮನೆಯ ನಾಯಿ ಮೂರು ದಿನದಿಂದ ಏನೂ ತಿಂದಿಲ್ಲವೆಂದು ಗುಟ್ಟಾಗಿ ಬಂದು ಕೇಳಿದರು. ಮೊಹರಪ್ಪ ಕಣ್ಣು ಮುಚ್ಚಿ ಯೋಚಿಸಿ, ಮೇಜರನಿಗೂ ಒಮ್ಮೆ ಹೀಗಾಗಿತ್ತು, ಸುಮ್ಮನೆ ಬಿಟ್ಟುಬಿಡಿ ಎಂದ. ನಾಯಿ ಸಂಜೆಗೇ ತಿಂದಿತು. ಹೀಗೆ ಅವನ ಹೆಸರು ಬೆಳೆಯಿತು.

ಬೆಳೆದ ಹೆಸರು ತಲೆಗೆ ಬಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಹಲ್ಲಿನ ಡಾಕ್ಟರೊಬ್ಬರ ಮನೆಯಲ್ಲಿ ಆರು ತಿಂಗಳಿಂದ ಮೀಟರ್ ಓದಿರಲಿಲ್ಲ. ಅಲ್ಲೊಂದು ಅಲ್ಸೇಷಿಯನ್ ಇತ್ತು. ಮೀಟರ್ ಓದುವವನು ಗೇಟಿನ ಒಳಗೆ ಕಾಲಿಡಲು ಒಪ್ಪುತ್ತಿರಲಿಲ್ಲ. ಮೇಡಂ ಕಡತ ಮುಚ್ಚಿ, ಈ ಜಾತಿಯನ್ನು ಹತ್ತಿರದಿಂದ ಬಲ್ಲವರು ನಮ್ಮಲ್ಲೇ ಇರುವಾಗ ಚಿಂತೆ ಯಾಕೆ ಎಂದರು.

ಗೇಟಿನ ಹೊರಗೆ ಮೀಟರ್ ಓದುವವನು ಪುಸ್ತಕ ತೆರೆದು ನಿಂತ. ಮೊಹರಪ್ಪ ಒಳಗೆ ಹೋಗಿ, ಸ್ನೇಹದ ಧ್ವನಿಯಲ್ಲಿ “ಮೇಜರ್, ಮೇಜರ್” ಎಂದು ಕರೆದ. ಮನೆಯ ಪಕ್ಕದಿಂದ ಬಂದದ್ದು ಕರುವಿನಷ್ಟು ಎತ್ತರದ ನಾಯಿ. ಮುಂದಿನ ಕೆಲವು ಕ್ಷಣ ಏನಾಯಿತೆಂದು ಮೊಹರಪ್ಪನಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಾದಾಗ ಅವನು ಡಾಕ್ಟರ ಮನೆಯ ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ, ಒಂದು ಚಪ್ಪಲಿ ಕೆಳಗಿತ್ತು. ನಾಯಿ ತೊಟ್ಟಿಯ ಬುಡದಲ್ಲಿ, ಸರಿಯಾಗಿ ಮೀಟರಿನ ಮೇಲೆ ಕೂತು, ಕತ್ತು ಎತ್ತಿ ಅವನನ್ನೇ ನೋಡುತ್ತಿತ್ತು.

ಬಾಯಿಗೆ ಟವೆಲ್ ಒತ್ತಿಕೊಂಡೇ ಡಾಕ್ಟರು ಹೊರಬಂದು, ಯಾರು, ಅಲ್ಲೇನು ಮಾಡುತ್ತಿದ್ದೀರಿ ಎಂದರು. ನೀರು ಸರಬರಾಜಿನವನು, ತೊಟ್ಟಿ ಪರೀಕ್ಷೆಗೆ ಬಂದೆ ಎಂದ ಮೊಹರಪ್ಪ.

“ಹತ್ತೋಕೆ ಆ ಕಡೆ ಏಣಿ ಇದೆಯಲ್ಲಾ?” ಎಂದರು ಡಾಕ್ಟರು.

ಅವರು ಸೀಟಿ ಹೊಡೆದೊಡನೆ ನಾಯಿ ಎದ್ದು ಹೋಯಿತು. ಮೀಟರನ್ನು ಡಾಕ್ಟರೇ ಬಗ್ಗಿ ಓದಿ ಹೇಳಿದರು. ಆದರೆ ಗೇಟಿನ ಹೊರಗಿದ್ದವನು ಕಂಡದ್ದೇ ಬೇರೆ. ಅವನು ಕಚೇರಿಗೆ ಹೋಗಿ, ಮೊಹರಪ್ಪನವರು ಎತ್ತರದ ಜಾಗದಲ್ಲಿ ಕೂತು ಬರೀ ಕಣ್ಣಿನಿಂದಲೇ ಅಂಥ ನಾಯಿಯನ್ನು ಅಲ್ಲಾಡದಂತೆ ಕೂರಿಸಿದರು ಎಂದು ಸಾರಿದ. ಮೇಡಂ ಹೆಮ್ಮೆಯಿಂದ ತಲೆಯಾಡಿಸಿದರು. ಮೊಹರಪ್ಪ ಒಂಟಿ ಚಪ್ಪಲಿಯನ್ನು ಮೇಜಿನ ಕೆಳಗೆ ತಳ್ಳಿ, ವಿನಯದಿಂದ ತಲೆ ತಗ್ಗಿಸಿದ.

ಆ ವರ್ಷ ಕಚೇರಿಗೆ ಐವತ್ತು ತುಂಬಿತ್ತು. ಸ್ಮರಣ ಸಂಚಿಕೆ ತರುವುದೆಂದಾಯಿತು. ಅದರಲ್ಲಿ ‘ಸಿಬ್ಬಂದಿಯ ಬಾಲ್ಯ’ ಎಂದೊಂದು ಭಾಗ. ಪುಟ ಹತ್ತೊಂಬತ್ತು ಮೊಹರಪ್ಪನಿಗೆ, ಮೇಜರನ ಬಗ್ಗೆ ಬರೆಯಲು. ಅವನು ಬರೆದುಕೊಟ್ಟ. ಸ್ಟೋರ್ ಕೀಪರ್ ಅದನ್ನು ಎರಡು ಸಲ ಓದಿ, ಫೋಟೋ ಇದ್ದರೆ ಚೆನ್ನಾಗಿರುತ್ತಿತ್ತು, ಅಷ್ಟು ದೊಡ್ಡ ನಾಯಿಯದು ಒಂದಾದರೂ ಫೋಟೋ ಇರಲೇಬೇಕಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇದೆ ಎಂದ ಮೊಹರಪ್ಪ.

ಒಂದು ಫೋಟೋ ಇದ್ದದ್ದು ನಿಜ, ಅಮ್ಮನ ಕೋಣೆಯ ಗೋಡೆಯ ಮೇಲೆ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ಅಪ್ಪ, ಪಕ್ಕದಲ್ಲಿ ಅಮ್ಮ, ಎರಡು ಜಡೆಯ ಅಕ್ಕ, ಚಡ್ಡಿಯ ಮೊಹರಪ್ಪ, ಮುಂದೆ ಬೂದಿ. ಅಪ್ಪನ ಒಂದು ಕೈ ಬೂದಿಯ ತಲೆಯ ಮೇಲಿತ್ತು. ಅಪ್ಪ ಹೋಗಿ ಹದಿನಾಲ್ಕು ವರ್ಷ. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷ. ದಿನಾ ಬೆಳಿಗ್ಗೆ ಎದ್ದು ಅವಳು ಆ ಗಾಜಿನ ಮೇಲೆ ಕೈಯಾಡಿಸಿ, ಇಲ್ಲಿ ಇವರು, ಇಲ್ಲಿ ಬೂದಿ ಎಂದು ಎಣಿಸಿದಂತೆ ಹೇಳಿಕೊಂಡು ಆಮೇಲೆ ಮುಖ ತೊಳೆಯಲು ಹೋಗುತ್ತಿದ್ದಳು.

ಫ್ರೇಮಿಗೆ ಹುಳ ಹಿಡಿದಿದೆ ಎಂದು ಅಮ್ಮನಿಗೆ ಹೇಳಿ ಮೊಹರಪ್ಪ ಅದನ್ನು ಕಂಕುಳಲ್ಲಿ ಇರಿಸಿಕೊಂಡು ಸ್ಟುಡಿಯೋಗೆ ಹೋದ. ಆ ಫೋಟೋ ತೆಗೆದ ಹಳಬರ ಮಗ ಈಗ ಅಲ್ಲಿ ಕೂರುತ್ತಿದ್ದ. ಟಚಿಂಗ್ ಕೆಲಸದಲ್ಲಿ ಅಪ್ಪನನ್ನೂ ಮೀರಿಸಿದವನು. ಬೋಳು ತಲೆಗೆ ಕೂದಲು, ಮುಚ್ಚಿದ ಕಣ್ಣಿಗೆ ರೆಪ್ಪೆ, ಏನು ಬೇಕಾದರೂ ಬರೆದುಕೊಡುತ್ತಿದ್ದ. ಮೊಹರಪ್ಪ ಜೇಬಿನಿಂದ ಕ್ಯಾಲೆಂಡರಿನಿಂದ ಕತ್ತರಿಸಿದ ಅಲ್ಸೇಷಿಯನ್ನಿನ ಚಿತ್ರ ತೆಗೆದು ಇದನ್ನು ಕೂರಿಸಬೇಕು ಎಂದ.

“ಆಗ್ಲೇ ಒಂದು ನಾಯಿ ಇದೆಯಲ್ಲ ಸಾರ್.”

“ಅದು ಬೇಡ. ಅದರ ಜಾಗಕ್ಕೆ ಇದು” ಎಂದ ಮೊಹರಪ್ಪ. ಆಮೇಲೆ, ಯಾರೂ ಕೇಳದಿದ್ದರೂ, “ಯಾರಿಗೂ ಗೊತ್ತಾಗಬಾರದು” ಎಂದು ಸೇರಿಸಿದ.

ಮೊದಲು ಒಂದು ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡುತ್ತಾರೆ ಎಂದು ಅವನು ತಿಳಿದಿದ್ದ. ತಿಳಿದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದ. ಇಬ್ಬರು ಪರಿಚಯದವರು ಸಿಕ್ಕಿದರು. ಮೇಜರನ ವಿಷಯ ಅವರ ಕಿವಿಗೂ ಬಿದ್ದಿತ್ತು. ಒಂದು ಗಂಟೆ ಹೋದದ್ದು ಗೊತ್ತಾಗಲಿಲ್ಲ.

ವಾಪಸು ಬಂದಾಗ ಸ್ಟುಡಿಯೋದವನು ಮೂಲ ಫೋಟೋವನ್ನೇ ದೀಪದ ಕೆಳಗೆ ಹಿಡಿದು ಒಣಗಿಸುತ್ತಿದ್ದ. ಅಪ್ಪನ ಮುಂದೆ ಅಲ್ಸೇಷಿಯನ್ ಕೂತಿತ್ತು. ಅಕ್ಕನ ಭುಜದವರೆಗೆ ಬಂದಿತ್ತು. ತಲೆಯ ಮೇಲಿದ್ದ ಅಪ್ಪನ ಕೈ ಈಗ ಅದರ ಬಾಯಿಯೊಳಗೆ ಹೋದಂತೆ ಕಾಣುತ್ತಿತ್ತು.

“ಹಳೇದನ್ನ ಬ್ಲೇಡಲ್ಲಿ ಪೂರ್ತಿ ಕೆರೆದು ತೆಗೆದೆ ಸಾರ್. ಇಲ್ಲಾಂದ್ರೆ ಮೇಲೆ ಅಂಟಿಸಿದ್ದು ಉಬ್ಬಿಕೊಂಡು ಕಾಣುತ್ತೆ. ಗೊತ್ತಾಗಬಾರದು ಅಂದ್ರಲ್ಲ” ಎಂದ ಅವನು.

ಕೌಂಟರಿನ ಮೇಲೆ, ಬ್ಲೇಡಿನ ಪಕ್ಕದಲ್ಲಿ, ಚಿಟಿಕೆಯಷ್ಟು ಬೂದು ಬಣ್ಣದ ಪುಡಿ ಬಿದ್ದಿತ್ತು. ಮೊಹರಪ್ಪ ಅದನ್ನು ನೋಡುತ್ತಿರುವಾಗಲೇ ಸ್ಟುಡಿಯೋದವನು ಬಗ್ಗಿ ಉಫ್ ಎಂದು ಊದಿ ಕೌಂಟರನ್ನು ಚೊಕ್ಕಟ ಮಾಡಿದ. ನೆಗೆಟಿವ್ ಇದೆಯಾ ಎಂದು ಮೊಹರಪ್ಪ ಕೇಳಿದ. ಅಪ್ಪನ ಕಾಲದ ನೆಗೆಟಿವ್‌ಗಳನ್ನೆಲ್ಲ ಗೆದ್ದಲು ತಿಂದು ಹಾಕಿತ್ತಂತೆ.

ಸಂಚಿಕೆ ಅಚ್ಚಾಯಿತು. ಪುಟ ಹತ್ತೊಂಬತ್ತನ್ನು ನೋಡಿ ಮೇಡಂ, ಎಷ್ಟು ಗಂಭೀರವಾದ ನಾಯಿ ಎಂದರು. ಮೂಲ ಫೋಟೋ ಮತ್ತೆ ಅಮ್ಮನ ಗೋಡೆಗೆ ಬಂತು. ಅಮ್ಮ ಗಾಜಿನ ಮೇಲೆ ಕೈಯಾಡಿಸಿ, ಇಲ್ಲಿ ಇವರು, ಇಲ್ಲಿ ಬೂದಿ ಎಂದು ಹೇಳಿಕೊಂಡು ಮುಖ ತೊಳೆಯಲು ಹೋದಳು. ಮೊಹರಪ್ಪ ಆ ಹೊತ್ತಿನಲ್ಲಿ ಅವಳ ಕೋಣೆಯ ಕಡೆ ಹೋಗುವುದನ್ನು ಬಿಟ್ಟ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಅಕ್ಕ ಬಂದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ನೂರಾರು ಜನರಿಗೆ ಅತ್ತ ನೋಡಿ ಎಂದು ಹೇಳಿ ಇತ್ತ ಸೂಜಿ ಚುಚ್ಚಿದವಳು, ಅವಳ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿ ರಜೆ ಹಾಕಿ ಬಂದಿದ್ದಳು, ಬರುವ ಬುಧವಾರ. ಅಮ್ಮ ಮಗುವಿನಂತೆ ಖುಷಿಯಾಗಿದ್ದಳು. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಮೊದಲು ಆ ಫೋಟೋ ನೋಡುತ್ತೇನೆ ಎಂದು ನಾಲ್ಕು ಸಲ ಹೇಳಿದಳು. ಕೇಳಿದಾಗಲೆಲ್ಲ ಮೊಹರಪ್ಪನಿಗೆ ಕೆಮ್ಮು ಬರುತ್ತಿತ್ತು.

ಫೋಟೋದ ಮಾತು ಬಂದದ್ದರಿಂದ ಅಕ್ಕ ಎದ್ದು ಹೋಗಿ ನೋಡಿದಳು. ವಾಪಸು ಬಂದು ತಮ್ಮನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಅದ್ಯಾರ ಮನೆ ನಾಯಿನೋ?”

ಫೋಟೋ ಮಾಸಿತ್ತು, ರಿಪೇರಿ ಮಾಡಿಸಿದೆ ಎಂದ ಮೊಹರಪ್ಪ.

“ರಿಪೇರಿ ಮಾಡಿಸಿದ್ರೆ ಜಾತಿ ಬದಲಾಗುತ್ತಾ?”

ಅವನು ಎಲ್ಲವನ್ನೂ ಹೇಳಿದ. ತೊಟ್ಟಿಯ ವಿಷಯ ಕೇಳುವಾಗ ಅಕ್ಕನ ತುಟಿ ಒಂದು ಸಲ ಅದುರಿತು. ಬ್ಲೇಡಿನ ವಿಷಯಕ್ಕೆ ಬಂದಾಗ ಅವಳು ಅವನ ತೋಳು ಬಿಟ್ಟಳು. ನಾನಂತೂ ಅಮ್ಮನಿಗೆ ಹೇಳುವುದಿಲ್ಲ, ಬುಧವಾರದೊಳಗೆ ನೀನೇ ಹೇಳಬೇಕು ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮೊಹರಪ್ಪನಿಗೆ. ಬೈಗುಳವಾದರೆ ಅವನಿಗೆ ಅಭ್ಯಾಸವಿತ್ತು.

ಶುಕ್ರವಾರ ಮೇಡಂ ಕಚೇರಿಗೆ ಬರಲಿಲ್ಲ. ಅವರ ನಾಯಿ ತೀರಿಹೋಯಿತೆಂದು ಸುದ್ದಿ ಬಂತು. ಶನಿವಾರ ಕಪ್ಪು ಕನ್ನಡಕ ಹಾಕಿಕೊಂಡೇ ಬಂದರು, ಕಡತಗಳಿಗೆ ತಲೆ ಬಗ್ಗಿಸಿ ಸಹಿ ಹಾಕಿದರು. ಸಂಜೆ ಮೊಹರಪ್ಪನನ್ನು ಕರೆಸಿದರು. ಉಳಿದವರೆಲ್ಲ ಒಂದು ನಾಯಿಗೆ ಇಷ್ಟೊಂದಾ ಎಂಬಂತೆ ನೋಡುತ್ತಿದ್ದಾರೆ, ನಿಮಗಾದರೆ ಗೊತ್ತು ಎಂದರು. ನಾಳೆ ನಿಮ್ಮ ಮನೆಗೆ ಬರಬಹುದೇ, ನಿಮ್ಮ ತಾಯಿ ಮೇಜರನನ್ನು ಕಳೆದುಕೊಂಡು ಹೇಗೆ ತಡೆದುಕೊಂಡರೆಂದು ಕೇಳಬೇಕು ಎಂದರು. ಬೇಡ ಎನ್ನಲು ಮೊಹರಪ್ಪ ಬಾಯಿ ತೆರೆದ. ಕಪ್ಪು ಕನ್ನಡಕದ ಕೆಳಗಿನಿಂದ ಒಂದು ಹನಿ ಮೂಗಿನವರೆಗೆ ಬಂದಿತ್ತು. ಬನ್ನಿ ಮೇಡಂ ಎಂದ.

ಭಾನುವಾರ ಮೇಡಂ ಬಂದರು. ಕಚೇರಿಯ ಜೀಪಿನಲ್ಲಿ ಜೊತೆಗೆ ಸ್ಟೋರ್ ಕೀಪರೂ ಬಂದಿಳಿದ. ಸಮಾಧಾನ ಹೇಳಲು ಬಂದೆ ಎಂದ. ಯಾರಿಗೆ ಎಂದು ಹೇಳಲಿಲ್ಲ.

ನಡುಮನೆಯಲ್ಲಿ ಎಲ್ಲರೂ ಕೂತರು. ಅಮ್ಮ ಕುರ್ಚಿಯಲ್ಲಿ, ಅಕ್ಕ ಅವಳ ಹಿಂದೆ, ಮೊಹರಪ್ಪನ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ. ಮೊಹರಪ್ಪನಿಗೆ ಮಾತ್ರ ಕೂರಲು ಜಾಗವಿದ್ದೂ ಕೂರಲಾಗಲಿಲ್ಲ. ಮೇಡಂ ಅಮ್ಮನ ಕೈ ಹಿಡಿದುಕೊಂಡು, ನಿಮ್ಮ ಮೇಜರ್ ಬಗ್ಗೆ ನಿಮ್ಮ ಮಗ ಎಲ್ಲ ಹೇಳಿದ್ದಾರೆ, ನಿಮ್ಮ ಬಾಯಿಂದ ಕೇಳಬೇಕೆಂದು ಬಂದೆ ಎಂದರು.

“ಯಾವ ಮೇಜರ್?” ಎಂದಳು ಅಮ್ಮ.

ಸ್ಟೋರ್ ಕೀಪರ್ ಕುರ್ಚಿಯ ತುದಿಗೆ ಬಂದ. ಮೊಹರಪ್ಪ ಕೆಮ್ಮಿದ.

ಅಮ್ಮ ಮುಖವನ್ನು ಕೆಮ್ಮು ಬಂದ ಕಡೆ ತಿರುಗಿಸಿದಳು. ಗಿರಾಕಿಯ ಬಟ್ಟೆಯಲ್ಲಿ ಉಳಿದ ಒಂದು ಗುಂಡಿಯನ್ನೂ ಅವರ ಮನೆಗೇ ಹೋಗಿ ಕೊಟ್ಟುಬರುತ್ತಿದ್ದ ಹೆಂಗಸು ಅವಳು. ಆ ಕೆಮ್ಮನ್ನು ಅವಳು ಅವನ ಏಳನೇ ವಯಸ್ಸಿನಿಂದ ಬಲ್ಲಳು. ಮತ್ತೆ ಮೇಡಂ ಕಡೆ ತಿರುಗಿದಳು.

“ಹೂಂ, ಮೇಜರ್. ಇತ್ತಮ್ಮ. ವಯಸ್ಸಾಯ್ತಲ್ಲ, ತಟ್ಟಂತ ನೆನಪಾಗಲಿಲ್ಲ.”

“ದೊಡ್ಡ ನಾಯಿ ಅಲ್ವಾ ಅಮ್ಮಾ?”

“ದೊಡ್ಡದು. ಬಾಗಿಲಷ್ಟಿತ್ತು” ಎಂದಳು ಅಮ್ಮ. ಸುಳ್ಳಿಗೆ ಅಳತೆ ಎಷ್ಟಿರಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಹೇಗೆ ಹೋಯಿತು ಎಂದು ಮೇಡಂ ಕೇಳಿದರು. ಆ ಮನೆಯಲ್ಲಿ ನಿಜವಾಗಿ ಸತ್ತಿದ್ದ ನಾಯಿ ಒಂದೇ. ಅಮ್ಮ ಅದನ್ನೇ ಹೇಳತೊಡಗಿದಳು. “ಎರಡು ದಿನ ಏನೂ ತಿಂದಿರಲಿಲ್ಲ. ನನ್ನ ಮಡಿಲಲ್ಲೇ ಮಲಗಿತ್ತು. ನಾನು ಕರೆದೆ, ಬೂ...” ಎಂದವಳು ತಡೆದಳು. ಗಂಟಲು ಸರಿಮಾಡಿಕೊಂಡು ಮತ್ತೆ, “ಬೂ... ಮೇಜರ್” ಎಂದಳು.

“ಬೂಮೇಜರ್ ಅಂತಾನಾ ಪೂರ್ತಿ ಹೆಸರು?” ಎಂದ ಸ್ಟೋರ್ ಕೀಪರ್.

ಅಮ್ಮನ ಮುಖ ಕೆಂಪಾಗಿತ್ತು. ಎಪ್ಪತ್ತೊಂದು ವರ್ಷದ ಆ ಮುಖದಲ್ಲಿ ನಾಚಿಕೆಯನ್ನು ಮೊಹರಪ್ಪ ಎಂದೂ ಕಂಡಿರಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಗಟ್ಟಿಯಾಗಿಯೇ ಇತ್ತು.

“ಮೇಡಂ, ಮೇಜರ್ ಅಂತ ಯಾವ ನಾಯೀನೂ ಇರಲಿಲ್ಲ” ಎಂದ ಅವನು. “ಅದರ ಹೆಸರು ಬೂದಿ. ಬೀದಿ ನಾಯಿ. ಅಮ್ಮ ನನಗೋಸ್ಕರ ಹೇಳ್ತಿದ್ದಾಳೆ.”

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಬ್ರೆಡ್ಡು, ಒಲೆ, ಕೂದಲಿಲ್ಲದ ಬಾಲ, ನಿಂತ ಒಂದು ಕಿವಿ, ಬಿದ್ದ ಒಂದು ಕಿವಿ, ಕುಕ್ಕರ್, ಎಲ್ಲ ಹೇಳಿದ. ಕ್ಯಾಲೆಂಡರು, ಸ್ಟುಡಿಯೋ, ಬ್ಲೇಡು ಹೇಳಿದ. ಹೇಳುವಾಗ ಮೇಡಂ ಕಡೆ ನೋಡುತ್ತಿದ್ದ, ಅಮ್ಮನ ಕಡೆ ನೋಡಲಿಲ್ಲ. ಕೊನೆಗೆ ಯಾರೂ ಕೇಳದ, ಅಕ್ಕನಿಗೂ ಗೊತ್ತಿರದ ಒಂದು ಮಾತೂ ಹೊರಬಿತ್ತು. ಬೂದಿ ದಿನಾ ಅವನ ಹಿಂದೆ ಶಾಲೆಗೆ ಬರುತ್ತಿತ್ತು. ಹುಡುಗರು ಅದರ ಬಾಲ ನೋಡಿ ನಕ್ಕು, ಇದು ನಿಮ್ಮ ನಾಯಿನಾ ಎಂದು ಕೇಳಿದ್ದರು. ಅಲ್ಲ ಎಂದಿದ್ದ. ನಂಬಲಿ ಎಂದು ಒಂದು ಕಲ್ಲನ್ನೂ ಎಸೆದಿದ್ದ.

“ಅವತ್ತಿಂದ ಅದು ಹತ್ತು ಹೆಜ್ಜೆ ಹಿಂದೆ ಬರ್ತಿತ್ತು ಮೇಡಂ. ಶಾಲೆ ಬಿಟ್ಟ ಮೇಲೂ ಅಷ್ಟೇ. ತಿರುವು ದಾಟಿ ಹುಡುಗರು ಮರೆಯಾದ ಮೇಲೆ ಓಡಿಬಂದು ಜೊತೆಗೆ ಸೇರ್ತಿತ್ತು. ಐದು ವರ್ಷ ಹಾಗೇ ಬಂತು.”

ಮೇಡಂ ಕಪ್ಪು ಕನ್ನಡಕ ತೆಗೆದು ಮಡಿಸಿ, ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ ಎಂದರು. ಎದ್ದು ಹೋಗುತ್ತಾರೆಂದು ಎಲ್ಲರೂ ತಿಳಿದರು. ಅವರು ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡರು.

“ಈಗ ಬೂದಿ ಬಗ್ಗೆ ಹೇಳಿ ಅಮ್ಮಾ.”

ಇಬ್ಬರೂ ಒಂದು ಗಂಟೆ ಕೂತರು. ಅಳುವುದೂ ಕೇಳಿಸಿತು, ಒಂದೆರಡು ಸಲ ನಗುವುದೂ ಕೇಳಿಸಿತು. ಮೊಹರಪ್ಪನನ್ನು ಯಾರೂ ಕರೆಯಲಿಲ್ಲ. ಅವನು ಅಡುಗೆಮನೆಯಲ್ಲಿ ನಿಂತು, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದ. ಸ್ಟೋರ್ ಕೀಪರ್ ಅಲ್ಲಿಗೇ ಬಂದು, ಇಷ್ಟು ದಿನ ಕಾದ ಗೆಲುವು ಕೈಗೆ ಬಂದರೂ ಏನು ಮಾಡುವುದೆಂದು ತಿಳಿಯದೆ, ಒಂದು ಬಟ್ಟೆ ತೆಗೆದುಕೊಂಡು ಲೋಟ ಒರೆಸತೊಡಗಿದ. ಆಮೇಲೆ ಸಣ್ಣ ದನಿಯಲ್ಲಿ, “ನಮ್ಮ ಭಾವನ ನಾಯಿಗೆ ಇಂಗ್ಲಿಷ್ ಏನೂ ಬರಲ್ಲ ಕಣ್ರೀ. ಕಿವಿಯೇ ಕೇಳಲ್ಲ ಅದಕ್ಕೆ” ಎಂದ.

ಅವರು ಹೋದ ಮೇಲೆ ಅಮ್ಮ ಮಗನನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳಿದಳು.

“ಅವನು ಕೆರೆಯುವಾಗ ನೀನು ಅಲ್ಲೇ ಇದ್ದೆಯಾ?”

“ಇಲ್ಲಮ್ಮಾ. ಚಹಾ ಕುಡಿಯೋಕೆ ಹೋಗಿದ್ದೆ.”

ಅಮ್ಮ ತಲೆಯಾಡಿಸಿ, ಅಕ್ಕನ ಕೈ ಹಿಡಿದು ತನ್ನ ಕೋಣೆಗೆ ಹೋದಳು. ಅಂದು ಸಂಜೆ ಅಕ್ಕ ಫೋಟೋವನ್ನು ಫ್ರೇಮಿನಿಂದ ಬಿಚ್ಚಿ, ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಗಾಯದ ಪಟ್ಟಿ ತೆಗೆಯುವ ಹಾಗೆ ಅಲ್ಸೇಷಿಯನ್ನನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಕೆಳಗೆ ಬಿಳಿಯ ಕಾಗದ ಮಾತ್ರ ಇತ್ತು. ಸ್ಟುಡಿಯೋದವನು ಅಚ್ಚುಕಟ್ಟಾದ ಕೆಲಸಗಾರ; ಒಂದು ಕೂದಲನ್ನೂ ಉಳಿಸಿರಲಿಲ್ಲ.

ಸೋಮವಾರ ಮೇಡಂ ಬೈಯಲಿಲ್ಲ, ಅಮಾನತು ಮಾಡಲಿಲ್ಲ. ಪುಟ ಹತ್ತೊಂಬತ್ತಕ್ಕೆ ಒಂದು ತಿದ್ದುಪಡಿ ಚೀಟಿ ಬರೆದು, ಹಂಚಿಹೋದ ಪ್ರತಿಗಳೂ ಸೇರಿ ಮುನ್ನೂರಕ್ಕೂ ನೀವೇ ಅಂಟಿಸಬೇಕು ಎಂದರು. ಮೊಹರಪ್ಪ ಮೊದಲು ‘ಮುದ್ರಣದೋಷದಿಂದ’ ಎಂದು ಶುರುಮಾಡಿ ಬರೆದ. ಅಚ್ಚಿನ ಯಂತ್ರ ನಾಯಿಯ ಜಾತಿ ಬದಲಿಸಿತೇ ಎಂಬ ಕೆಂಪು ಶಾಯಿಯ ಪ್ರಶ್ನೆಯೊಂದಿಗೆ ಚೀಟಿ ವಾಪಸಾಯಿತು. ಎರಡನೆಯ ಸಲ ‘ಕಣ್ತಪ್ಪಿನಿಂದ’ ಎಂದು ಬರೆದ. ಯಾರ ಕಣ್ಣು ಎಂದು ಕೇಳಿ ಅದೂ ಬಂತು. ಮೂರನೆಯದು ಹೀಗಿತ್ತು:

‘ಪುಟ ೧೯ರಲ್ಲಿ ಬರೆದಿರುವುದು ಸುಳ್ಳು. ಬರೆದವನು ನಾನೇ. ಫೋಟೋದಲ್ಲಿರುವ ನಾಯಿ ನಮ್ಮದಲ್ಲ, ಕ್ಯಾಲೆಂಡರಿನದು. ನಮ್ಮ ನಾಯಿಯ ಹೆಸರು ಬೂದಿ. ಬೂದು ಬಣ್ಣ, ಬಾಲದ ನಡುವೆ ಕೂದಲಿಲ್ಲ, ಬಲಗಿವಿ ಮಾತ್ರ ನಿಂತಿರುತ್ತಿತ್ತು. ಅದು ಹನ್ನೊಂದು ವರ್ಷ ನಮ್ಮ ಜೊತೆ ಇತ್ತು.’

ಮೇಡಂ ಸಹಿ ಹಾಕಿದರು. ಮೊಹರಪ್ಪ ಪ್ರತಿಯೊಂದು ಚೀಟಿಗೂ ಮೊಹರು ಒತ್ತಿ, ಗೋಂದು ಹಚ್ಚಿ ಅಂಟಿಸಿದ. ಕಿಟಕಿಗೆ ಬಂದವರು ಬೈಯುವುದನ್ನು ಮರೆತು ಓದಿ ಹೋದರು. ಹಂಚಿಹೋದ ಪ್ರತಿಗಳಿಗಾಗಿ ಮನೆಮನೆಗೆ ಅಲೆದ. ನಿವೃತ್ತರಾದವರು ಒಳಗೆ ಕರೆದು ಕೂರಿಸಿ, ಚೀಟಿಯನ್ನು ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು. ಹಲ್ಲಿನ ಡಾಕ್ಟರಿಗೂ ಒಂದು ಪ್ರತಿ ಹೋಗಿತ್ತು. ಅವರು ಗೇಟಿನಲ್ಲೇ ನಿಂತು ಓದಿ, ಹಾಗಾದರೆ ಅವತ್ತು ತೊಟ್ಟಿ ಹತ್ತಿದ್ದು ಎಂದು ಕೇಳಿದರು. ಹೆದರಿ ಹತ್ತಿದೆ ಎಂದು ಒಪ್ಪಿಕೊಂಡ. ಡಾಕ್ಟರು ಒಳಗೆ ಹೋಗಿ ಅವನ ಒಂದು ಚಪ್ಪಲಿ ತಂದುಕೊಟ್ಟರು.

ಬುಧವಾರದ ಆಪರೇಷನ್ ಚೆನ್ನಾಗಿ ಆಯಿತು. ವಾರದ ಮೇಲೆ ಅಮ್ಮ ಹಸಿರು ಕನ್ನಡಕ ಹಾಕಿಕೊಂಡು ತನ್ನ ಕೋಣೆಯಲ್ಲಿ ಕೂತು, ಗೋಡೆಯ ಫೋಟೋವನ್ನು ನೋಡುತ್ತಿದ್ದಳು. ಅದನ್ನು ಹಾಗೇ ಹಾಕಬೇಕೆಂದು ಹಟ ಹಿಡಿದವಳು ಅವಳೇ. ಅಪ್ಪ ಒಂದು ಬಿಳಿಯ ತೇಪೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಮೊಹರಪ್ಪ ಕೊನೆಯ ಪ್ರತಿಗೂ ಚೀಟಿ ಅಂಟಿಸಿ ಅಂದೇ ಮುಗಿಸಿದ್ದ. ಅಮ್ಮ ಕೇಳಿದಳೆಂದು ಒಂದು ಪ್ರತಿ ತಂದು ಕೊಟ್ಟ.

ಹೊಸ ಕಣ್ಣಿನಿಂದ ಅಮ್ಮ ಅಕ್ಷರ ಅಕ್ಷರವಾಗಿ ಓದಿದಳು. ಓದಿ ಮುಗಿಸಿ ಸ್ವಲ್ಪ ಯೋಚಿಸಿದಳು.

“ನಿಂತಿದ್ದು ಎಡಗಿವಿ ಅಲ್ವಾ?”

“ಬಲಗಿವೀನೇ ಅಮ್ಮಾ” ಎಂದಳು ಬಾಗಿಲಲ್ಲಿದ್ದ ಅಕ್ಕ. ಆದರೆ ಆಸ್ಪತ್ರೆಯಲ್ಲಿ ಮಾತಾಡುವಾಗಿನ ಖಚಿತ ದನಿ ಅದರಲ್ಲಿರಲಿಲ್ಲ.

“ಎಡಗಿವಿ ಕಣೇ. ನಾನು ಕೂತು ತರಕಾರಿ ಹೆಚ್ಚುವಾಗ ಈ ಕಡೆ ಇರ್ತಿತ್ತು.”

“ಈ ಕಡೆ ಅಂದ್ರೆ ಅದರ ಬಲ ಆಯ್ತಲ್ಲ?”

ಇಬ್ಬರೂ ಕೈಗಳನ್ನು ಕಿವಿಯ ಮೇಲಿಟ್ಟುಕೊಂಡು ಅತ್ತ ಇತ್ತ ತಿರುಗಿ ನೋಡಿದರು. ಫೋಟೋದ ಕಡೆ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಮೊಹರಪ್ಪನ ಕಡೆ ತಿರುಗಿದರು.

“ನೀನು ಹೇಳೋ” ಎಂದಳು ಅಮ್ಮ, ಸಿಟ್ಟಿಲ್ಲದೆ. “ದಿನಾ ನಿನ್ನ ಜೊತೆ ಬರ್ತಿತ್ತಲ್ಲ.”

ಮೊಹರಪ್ಪ ನೇರಳೆ ಬಣ್ಣದ ಬೆರಳುಗಳನ್ನು ನೋಡಿಕೊಂಡ. ಐದು ವರ್ಷ ಅದು ಶಾಲೆಯಿಂದ ತಿರುವಿನವರೆಗೆ ಹತ್ತು ಹೆಜ್ಜೆ ಹಿಂದೆ ಬಂದಿತ್ತು, ಅವನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

“ಗೊತ್ತಿಲ್ಲಮ್ಮಾ” ಎಂದ.